ಅಂಗಳಕ್ಕೆ ಬಿದ್ದ ಹಾಳೆ

ಅಡಿಕೆ ತೋಟದ ಪಕ್ಕ ಬೆಳೆದವರಿಗೆ ಹಾಳೆ ಬೀಳುವ ಸದ್ದು ಗೊತ್ತು. ಎಲೆ ಅಲ್ಲಾಡದ ಮಧ್ಯಾಹ್ನ, ಸೋಗೆ ಸಮೇತ ಧೊಪ್ಪೆಂದು ನೆಲಕ್ಕೆ ಬರುತ್ತದೆ. ಕಡಿದದ್ದಲ್ಲ, ಕಿತ್ತದ್ದಲ್ಲ, ಮರ ತಾನಾಗಿ ಬಿಟ್ಟುಕೊಟ್ಟದ್ದು. ಕರಾವಳಿ, ಮಲೆನಾಡಿನಲ್ಲಿ ಅದರಿಂದ ತಲೆಗೆ ಮುಟ್ಟಾಳೆ ಮಾಡಿಕೊಂಡರು, ಎಳೆಗೂಸನ್ನು ಅದರಲ್ಲಿ ಮಲಗಿಸಿ ಮೀಯಿಸಿದರು, ಮಕ್ಕಳು ಅದರ ಮೇಲೆ ಕೂತು ಅಂಗಳವಿಡೀ ಎಳೆಸಿಕೊಂಡರು. ಉಳಿದದ್ದು ಗೊಬ್ಬರದ ಗುಂಡಿಗೆ ಹೋಯಿತು.

ಮನೆಯಿಂದಲೇ ಮಾಡಬಹುದಾದ, ಮಣ್ಣು ನೀರಿಗೆ ಕೇಡಾಗದ ಕೆಲಸ ಎಲ್ಲಿ ಸಿಗುತ್ತದೆ ಎಂದು ಕೇಳುವವರು ಈಗ ಬಹಳ. ಹೆರಿಗೆಯ ನಂತರ ನೌಕರಿ ಬಿಟ್ಟವರು, ವಯಸ್ಸಾದ ಅತ್ತೆ ಮಾವನನ್ನು ನೋಡಿಕೊಳ್ಳುವವರು, ನಗರ ಸಾಕೆಂದು ತೋಟಕ್ಕೆ ಮರಳಿದವರು. ಜಾಹೀರಾತು ಹುಡುಕುವ ಮೊದಲು ನಿಮ್ಮ ಮನೆಯಿಂದ, ನಿಮ್ಮ ಓಣಿಯಿಂದ ದಿನವೂ ಏನು ಕಸವಾಗಿ ಹೋಗುತ್ತಿದೆ ನೋಡಿ ಎಂದು ನಾನು ಅವರಿಗೆ ಹೇಳುತ್ತೇನೆ.

ಹಾಳೆ ತಟ್ಟೆಯ ಕೆಲಸ ಹುಟ್ಟಿದ್ದೇ ಹಾಗೆ. ಬಿದ್ದ ಹಾಳೆಯನ್ನು ಹೆಕ್ಕಿ ಒಣಗಿಸಿ, ಬೇಕಾದಾಗ ತೊಳೆದು, ಸ್ವಲ್ಪ ಹೊತ್ತು ನೆನೆಸಿ, ನೀರು ಬಸಿದು, ಕಾದ ಅಚ್ಚಿನ ನಡುವೆ ಒತ್ತಿದರೆ ತಟ್ಟೆ ಸಿದ್ಧ. ಅಂಟು ಬೇಡ, ಬಣ್ಣ ಬೇಡ. 2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ಕಿನ ಚೀಲ, ತಟ್ಟೆ, ಲೋಟದಂಥ ವಸ್ತುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ತಡೆ ಬಿತ್ತು. ಬೇಡಿಕೆಗೆ ದಾರಿ ತೆರೆಯಿತು. ಆದರೆ ಮಳೆಗಾಲವನ್ನು ದಾಟಿಸುವುದು ಸುಲಭವಲ್ಲ. ಬೇಸಿಗೆಯಲ್ಲಿ ಕೂಡಿಟ್ಟ ಹಾಳೆಗೆ ತೇವ ತಾಗಿದರೆ ಬೂಸ್ಟು ಹಿಡಿಯುತ್ತದೆ, ಬೂಸ್ಟು ಹಿಡಿದದ್ದು ಊಟದ ತಟ್ಟೆಗೆ ಆಗಿಬರುವುದಿಲ್ಲ. ಯಂತ್ರಕ್ಕಿಂತ ಮೊದಲು ಬೇಕಾದದ್ದು ಬೆಚ್ಚಗಿನ ಅಟ್ಟ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹಾಳೆ ತಟ್ಟೆಗಳ ಆಮದಿಗೆ ತಡೆಯೊಡ್ಡಿತು. ಅಡಿಕೆ ಮರದಲ್ಲಿರುವ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದೆಂಬುದು ಅದರ ಆತಂಕ. ತಲೆಮಾರುಗಳಿಂದ ಬಳಸಿದ್ದೇವೆ ಎಂಬುದು ನಮಗೆ ಸಮಾಧಾನ ಕೊಟ್ಟೀತು, ಅದು ಪರೀಕ್ಷೆಯ ವರದಿಯಾಗಲಾರದು. ಬಿಸಿ ಸಾರು ಸುರಿದ ತಟ್ಟೆಯನ್ನು ಇಲ್ಲಿನ ಪ್ರಯೋಗಾಲಯಗಳೇ ಪರೀಕ್ಷಿಸಿ ಫಲಿತಾಂಶವನ್ನು ಎಲ್ಲರ ಮುಂದಿಡಬೇಕು. ಮನೆಯಲ್ಲಿ ತಟ್ಟೆ ಒತ್ತುವ ಹೆಣ್ಣುಮಕ್ಕಳಿಗೆ ಅಷ್ಟಾದರೂ ಸಲ್ಲಬೇಕು.

ಅಡಿಕೆ ಬೆಳೆಯದ ಬಯಲುಸೀಮೆಯ ಊರುಗಳಿಗೆ ಬನ್ನಿ, ಅಲ್ಲಿ ಹಾಳೆಯಿಲ್ಲ, ಹಳೆ ಸೀರೆಯಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸವೆದ ಸೀರೆ, ಧೋತರ, ಕುಪ್ಪಸಗಳೆಲ್ಲ ಕಡೆಗೆ ಸೇರುವುದು ಕೌದಿ ಎಂಬ ಹೊದಿಕೆಗೆ. ಕಾಡಿನ ಕಡೆಯ ಯಲ್ಲಾಪುರ, ಹಳಿಯಾಳ ಸುತ್ತಿನ ಸಿದ್ದಿ ಸಮುದಾಯದ ಹೆಂಗಸರ ಕೌದಿಯನ್ನಂತೂ ನೋಡಿದರೆ ಕಣ್ಣು ತೆಗೆಯಲಾಗುವುದಿಲ್ಲ. ಅಂಚಿನಿಂದ ಶುರುವಾದ ಹೊಲಿಗೆ ಸುತ್ತು ಸುತ್ತುತ್ತ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗೆ ಮಡಚಿ ಹೊಲಿದ ಮುಕ್ಕೋನದ ಹೂ ಇಲ್ಲದಿದ್ದರೆ ಕೌದಿ ಮುಗಿದಂತಲ್ಲ. ಈಗ ಅಂಥ ಕೌದಿಗಳು ವಸ್ತುಪ್ರದರ್ಶನಗಳಲ್ಲಿ ಗೋಡೆಯೇರುತ್ತವೆ. ಹೊಲಿಗೆ ಯಂತ್ರವೂ ಬೇಡ; ಸೂಜಿ, ದಾರ, ಗೆಳತಿಯರ ಮಾತು ಸಾಕು. ಬೆಲೆ ಹೇಳುವಾಗ ಮಾತ್ರ ಕೈ ನಡುಗುತ್ತದೆ. ಬಟ್ಟೆ ಹಳೆಯದು, ಹಾಗಾಗಿ ದುಡಿಮೆಯೂ ಅಗ್ಗ ಎಂದು ಕೊಳ್ಳುವವರೂ ಹೊಲಿದವರೂ ನಂಬಿಬಿಡುತ್ತಾರೆ. ಕೂತ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಲೆಕ್ಕದ ಮೇಲೆ ಬೆಲೆ ಕಟ್ಟಿ ಎಂದು ನಾನು ಹಟ ಹಿಡಿಯುತ್ತೇನೆ.

ಹಟಕ್ಕೆ ಕಾರಣವಿದೆ. ಮನೆಯಲ್ಲಿ ಕೂತು ದುಡಿಯುವುದು ನಮಗೆ ಹೊಸತಲ್ಲ. ದಕ್ಷಿಣ ಕನ್ನಡದ ಜಗಲಿಗಳಲ್ಲಿ ಹೆಂಗಸರು ತಲೆಮಾರುಗಟ್ಟಲೆ ಬೀಡಿ ಕಟ್ಟಿದ್ದಾರೆ, ಸಾವಿರ ಬೀಡಿಗೆ ಇಷ್ಟೆಂಬ ಕೂಲಿಗೆ, ತಂಬಾಕಿನ ದೂಳು ಕುಡಿಯುತ್ತ. ಮನೆಗೆಲಸದ ನಡುವೆ ಮಾಡಿದ್ದಕ್ಕೆ ಹೊತ್ತಿನ ಲೆಕ್ಕವಿರಲಿಲ್ಲ. ಮನೆಯಲ್ಲಿ ಕೂತು ದುಡಿಯುವವರ ಹಕ್ಕುಗಳಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೇ ಒಡಂಬಡಿಕೆ ತಂದಿತು. ಭಾರತ ಇನ್ನೂ ಅದನ್ನು ಅನುಮೋದಿಸಿಲ್ಲ. ಬೀಡಿಯ ಜಾಗಕ್ಕೆ ಬಟ್ಟೆ ಚೀಲ ಬಂದು ಕೂಲಿ ಹಾಗೆಯೇ ಉಳಿದರೆ, ಅದನ್ನು ಹಸಿರು ಉದ್ಯೋಗ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಶಿರಸಿಯ ವನಸ್ತ್ರೀ ಬಳಗದ ಹಾದಿ ನನಗೆ ಇಷ್ಟವಾಗುವುದು ಅದಕ್ಕೇ. 2001ರಲ್ಲಿ ಶುರುವಾದ ಈ ಬಳಗದಲ್ಲಿ ಕೈತೋಟದ ಹೆಂಗಸರು ಬೀಜ ಉಳಿಸುತ್ತಾರೆ, ಹಂಚುತ್ತಾರೆ, ಮಾರುತ್ತಾರೆ. ಸವತೆ ಬೀಜಕ್ಕೆ ಬೂದಿ ಬೆರೆಸಿ ಇಡುವುದು, ಅವರೆಗೆ ಹುಳ ಬೀಳದಂತೆ ನೋಡಿಕೊಳ್ಳುವುದು ಅತ್ತೆಯಿಂದ ಸೊಸೆಗೆ ಬಂದ ವಿದ್ಯೆ. ಅದೇ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ತಮ್ಮ ಬೀಜ ಉಳಿಸುವ, ಬದಲಿಸಿಕೊಳ್ಳುವ, ಮಾರುವ ಹಕ್ಕು ಕೊಟ್ಟಿದೆ. ಆ ಕಾಯ್ದೆಯಡಿ ರಕ್ಷಣೆ ಪಡೆದ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೆ.

ಬೆಂಗಳೂರಿನ ಮಹಡಿ ಮನೆಯಲ್ಲಿರುವವರಿಗೆ ಹಸಿ ಕಸವಿದೆ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಕಸ ಬೇರ್ಪಡಿಸಲು ಎರಡು ಬುಟ್ಟಿ, ಒಂದು ಚೀಲದ ಕ್ರಮ ಕಡ್ಡಾಯ ಮಾಡಿತು. ಬೇರ್ಪಡಿಸಿದ ಹಸಿ ಕಸ ಗೊಬ್ಬರವಾಗುತ್ತದೆ, ಆದರೆ ಗೊಬ್ಬರ ಮಾರಿಯೇ ಮನೆ ನಡೆಸುವುದು ಕಷ್ಟ. ಆ ಗೊಬ್ಬರದಲ್ಲಿ ಸಸಿ ಎಬ್ಬಿಸಿ ತಾರಸಿ ತೋಟದವರಿಗೆ ಕೊಟ್ಟರೆ ಕೈಗೆ ಕಾಸು ಬರುತ್ತದೆ. ಓದಿದವರಿಗೆ ಮೇಜಿನ ಕೆಲಸವೂ ಇದೆ. ಮಾರುಕಟ್ಟೆ ಮೌಲ್ಯದಲ್ಲಿ ಷೇರುಪೇಟೆಯ ಮೊದಲ 1,000 ಕಂಪನಿಗಳು ಪರಿಸರ ಹೊಣೆಗಾರಿಕೆಯ ವರದಿ ಕೊಡಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ನೀರು, ವಿದ್ಯುತ್ತು, ಕಸದ ಅಂಕಿಅಂಶ ಜೋಡಿಸುವ ಆ ಕೆಲಸದ ಬಹುಪಾಲು ಕಂಪ್ಯೂಟರಿನ ಮುಂದೆಯೇ ನಡೆಯುವಂಥದ್ದು. ಲೆಕ್ಕಪತ್ರ ಬಲ್ಲವರು ಅದನ್ನು ಕಲಿಯಬಹುದು.

“ತಟ್ಟೆ ಒತ್ತುವ ಯಂತ್ರ ನಮ್ಮಿಂದ ಕೊಳ್ಳಿ, ಮಾಲನ್ನೆಲ್ಲ ನಾವೇ ಕೊಳ್ಳುತ್ತೇವೆ” ಎನ್ನುವವರು ಬಂದರೆ ಬಾಗಿಲಲ್ಲೇ ನಿಲ್ಲಿಸಿ. ಕೆಲಸ ಕೊಡಲು ಮುಂಗಡ ಕೇಳುವವರನ್ನೂ ಅಷ್ಟೆ. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸಾಲ ತೆಗೆಯುವ ಮೊದಲು ಯಂತ್ರ ಇಟ್ಟಿರುವವರ ಮನೆಗೆ ಹತ್ತು ದಿನ ಹೋಗಿ ಕೈಜೋಡಿಸಿ. ಅವರ ವಿದ್ಯುತ್ ಬಿಲ್ಲು ನೋಡಿ, ಒಡೆದು ಹಾಳಾದ ತಟ್ಟೆ ಎಷ್ಟೆಂದು ಎಣಿಸಿ. ಆಮೇಲೆ ಪಕ್ಕದ ಮನೆಯ ಸತ್ಯನಾರಾಯಣ ಪೂಜೆಗೆ ನೂರು ತಟ್ಟೆ ಒತ್ತಿಕೊಡಿ, ದುಡ್ಡು ಕೇಳಿ ಇಸಕೊಳ್ಳಿ. ಊಟ ಮುಗಿದ ಮೇಲೆ ಎಂಜಲು ತಟ್ಟೆಗಳು ಎಲ್ಲಿಗೆ ಹೋದವು, ಗೊಬ್ಬರದ ಗುಂಡಿಗೋ ರಸ್ತೆ ಬದಿಗೋ, ಅದನ್ನೂ ಹೋಗಿ ನೋಡಿ ಬನ್ನಿ.