1.3 ಕೋಟಿ ಬಾಳೆಹಣ್ಣು ಜಾಲಾಡಿದರು! ಬೀಜ ಎಷ್ಟು ಸಿಕ್ಕಿತು, ಊಹಿಸಿ!

ಒಂದು ಏಲಕ್ಕಿ ಬಾಳೆಹಣ್ಣು ತೆಗೆದುಕೊಳ್ಳಿ. ಜೊತೆಗೊಂದು ಪಚ್ಚಬಾಳೆ. ಎರಡನ್ನೂ ಅಡ್ಡಡ್ಡಲಾಗಿ ಕತ್ತರಿಸಿ. ತಿರುಳಿನ ನಡುವೆ ಪುಟ್ಟ ಕಪ್ಪು ಚುಕ್ಕಿಗಳು ಕಂಡವೇ? ಅವೆಲ್ಲ ಬೀಜವಾಗಬೇಕಿದ್ದವು. ಆಗಲೇ ಇಲ್ಲ!

ಈಗ ಹೇಳಿ. ಬೀಜವೇ ಇಲ್ಲದ ಹಣ್ಣಿನಿಂದ ಹೊಸ ತಳಿ ಹುಟ್ಟಿಸುವುದು ಹೇಗೆ?

ಹೊಂಡುರಾಸ್ ದೇಶದ ಎಫ್‌ಎಚ್‌ಐಎ ಸಂಶೋಧನಾ ಕೇಂದ್ರದವರು ಹಠ ಹಿಡಿದರು. ನಮ್ಮ ಪಚ್ಚಬಾಳೆ ಸೇರಿದ ಕ್ಯಾವೆಂಡಿಷ್ ಬಳಗದಲ್ಲೇ ಬೀಜ ಕಟ್ಟಿಸುತ್ತೇವೆ ಎಂದರು! 2002ರಿಂದ 2010ರವರೆಗೆ 20,000 ಗೊನೆಗಳ ಹೂವಿಗೆ ಕೈಯಾರೆ ಪರಾಗ ಸೋಕಿಸಿದರು. ಲೆಕ್ಕ ಹಾಕಿದರೆ ಸುಮಾರು 1.3 ಕೋಟಿ ಹಣ್ಣು! ಅಷ್ಟರೊಳಗೂ ಬೀಜಕ್ಕಾಗಿ ಹುಡುಕಾಟ!

ಎಷ್ಟು ಸಿಕ್ಕಿರಬಹುದು? ಒಂದು ಲಕ್ಷ? ಹತ್ತು ಸಾವಿರ? ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಂಡಿರಿ. ಉತ್ತರ ಆಮೇಲೆ!

ಮೊದಲು ಈ ಬೀಜವಿಲ್ಲದ ಗುಟ್ಟು.

ಕಾಡಿನಲ್ಲಿ ಎರಡು ಮೂಲ ಬಾಳೆಗಳಿವೆ. ಒಂದು ಮ್ಯೂಸಾ ಅಕ್ಯುಮಿನಾಟಾ. ವಿಜ್ಞಾನಿಗಳ ಲೆಕ್ಕದಲ್ಲಿ ಅದು ‘ಎ’. ಇನ್ನೊಂದು ಮ್ಯೂಸಾ ಬಾಲ್ಬಿಸಿಯಾನಾ. ಅದು ‘ಬಿ’. ಎರಡರ ಹಣ್ಣಿನಲ್ಲೂ ಹಲ್ಲು ಮುರಿಯುವಷ್ಟು ಗಟ್ಟಿ ಬೀಜ! ನಾವು ತಿನ್ನುವ ಬಾಳೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಈ ಎರಡರ ಸಂತಾನ.

ಏಲಕ್ಕಿ ಬಾಳೆ? ಎಬಿ! ಪಚ್ಚಬಾಳೆ? ಎಎಎ! ನಂಜನಗೂಡಿನ ರಸಬಾಳೆ? ಎಎಬಿ! ಪಲ್ಯಕ್ಕೆ ಹೆಚ್ಚುವ ಬೂದಿಬಾಳೆ? ಎಬಿಬಿ! ಕಲಬುರಗಿ ಜಿಲ್ಲೆ ಕಮಲಾಪುರದ ಕೆಂಪು ಬಾಳೆ? ಮತ್ತೆ ಎಎಎ! ಸಿಪ್ಪೆ ಕೆಂಪಾದರೇನು, ಸೂತ್ರ ಪಚ್ಚಬಾಳೆಯದ್ದೇ!

ಒಂದೊಂದು ಅಕ್ಷರಕ್ಕೆ 11 ವರ್ಣತಂತು. ಮೂರು ಅಕ್ಷರವಿದ್ದರೆ 33. ಬೀಜ ಕಟ್ಟಬೇಕಾದರೆ ವರ್ಣತಂತುಗಳು ಜೋಡಿ ಕೂಡಿ ಸರಿಪಾಲಾಗಬೇಕು. ಮೂರನ್ನು ಎರಡು ಸಮಪಾಲು ಮಾಡಿ ನೋಡೋಣ! ಆಗುವುದಿಲ್ಲ. ಅಲ್ಲೇ ಬೀಜದ ಕಥೆ ಮುಗಿಯಿತು.

ಏಲಕ್ಕಿಯಲ್ಲಿ 22 ಇವೆ, ಸಮಸಂಖ್ಯೆ. ಆದರೂ ಬೀಜವಿಲ್ಲ! ಏಕೆಂದರೆ ಅಲ್ಲಿ ಜೋಡಿ ಕೂಡಬೇಕಾದ ‘ಎ’ ಮತ್ತು ‘ಬಿ’ ಬೇರೆ ಬೇರೆ ಪ್ರಭೇದದವು. ಹೊಂದಾಣಿಕೆ ಕಷ್ಟ. ಆದರೆ ಹಣ್ಣು? ಪರಾಗದ ಹಂಗೇ ಇಲ್ಲದೆ ತಾನಾಗಿ ತುಂಬಿಕೊಳ್ಳುತ್ತದೆ!

ಹಾಗಾದರೆ ವಂಶ ಬೆಳೆದದ್ದು ಹೇಗೆ? ಕಂದಿನಿಂದ! ಬುಡದಲ್ಲಿ ಏಳುವ ಕಂದನ್ನು ಕಿತ್ತು ನೆಟ್ಟು, ಮತ್ತೆ ಕಿತ್ತು ನೆಟ್ಟು! ಪಾಪುವಾ ನ್ಯೂಗಿನಿಯ ಕುಕ್ ಎಂಬ ಜೌಗು ಪ್ರದೇಶದಲ್ಲಿ ಬಾಳೆ ಕೃಷಿಯ ಕುರುಹು ಸಿಕ್ಕಿದೆ. ಎಷ್ಟು ಹಳೆಯದು? ಸುಮಾರು 7,000 ವರ್ಷ! ಕೈಯಿಂದ ಕೈಗೆ, ಊರಿಂದ ಊರಿಗೆ, ದ್ವೀಪದಿಂದ ದ್ವೀಪಕ್ಕೆ ದಾಟಿ ಬಂದದ್ದು ಬರೀ ಕಂದು!

ಈಗ ಪತ್ತೇದಾರಿಕೆಯ ಸರದಿ ನಿಮ್ಮದು. 1955ರಲ್ಲಿ ನಾರ್ಮನ್ ಸಿಮಂಡ್ಸ್ ಮತ್ತು ಕೆನೆತ್ ಶೆಫರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಬಾಳೆಯ ವಂಶ ಗುರುತಿಸಲು 15 ಲಕ್ಷಣಗಳನ್ನು ಆರಿಸಿದರು. ಲಕ್ಷಣ ‘ಎ’ಯಂತಿದ್ದರೆ 1 ಅಂಕ. ‘ಬಿ’ಯಂತಿದ್ದರೆ 5. ಅಪ್ಪಟ ‘ಎ’ಗೆ 15ರ ಆಸುಪಾಸು, ಅಪ್ಪಟ ‘ಬಿ’ಗೆ 75ರ ಆಸುಪಾಸು, ಮಿಶ್ರತಳಿಗಳೆಲ್ಲ ನಡುವೆ! ಯಂತ್ರ ಬೇಡ. ಪ್ರಯೋಗಾಲಯ ಬೇಡ. ಎರಡು ಕಣ್ಣು ಸಾಕು!

ಹಿತ್ತಲಿಗೆ ನಡೆಯಿರಿ. ಎಲೆಯ ತೊಟ್ಟಿನ ಮೇಲೆ ಉದ್ದಕ್ಕೂ ಒಂದು ಕಾಲುವೆಯಿದೆ. ಅಂಚು ಅಗಲಕ್ಕೆ ತೆರೆದುಕೊಂಡಿದೆಯೇ? ಅದು ‘ಎ’ ಕಡೆಯ ಗುಣ! ಅಂಚುಗಳು ಒಳಕ್ಕೆ ಬಾಗಿ ಮುಚ್ಚಿಕೊಂಡಿವೆಯೇ? ‘ಬಿ’! ಈಗ ಬಾಳೆ ಮೂತಿ ನೋಡಿ. ಅದರ ಕೆಂಪು ಹೊದಿಕೆ ತೆರೆದ ಮೇಲೆ ಹಿಂದಕ್ಕೆ ಸುರುಳಿ ಸುತ್ತಿಕೊಂಡರೆ ‘ಎ’. ಸುರುಳಿಯಾಗದೆ ಬರೀ ಮೇಲೆದ್ದು ನಿಂತರೆ ‘ಬಿ’!

ಇನ್ನೂ ಒಳಗೆ ಇಳಿಯೋಣ. ಮನುಷ್ಯನಲ್ಲಿ ಸುಮಾರು 20,000 ಜೀನ್‌ಗಳಿವೆ. 2012ರಲ್ಲಿ ‘ಎ’ ಬಾಳೆಯ ಇಡೀ ಜೀನೋಮ್ ಓದಿ ಮುಗಿಸಿದರು. ಎಷ್ಟು ಜೀನ್ ಸಿಕ್ಕವು? 36,000ಕ್ಕೂ ಹೆಚ್ಚು!

ಇನ್ನೊಂದು ಕೇಳಿ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯ ನಿಮಗೂ ನನಗೂ ಬಂದದ್ದು ಅಮ್ಮನಿಂದ. ಬಾಳೆಗೆ? ಅಪ್ಪನಿಂದ! ಎಲೆಗೆ ಹಸಿರು ಕೊಡುವ ಕ್ಲೋರೊಪ್ಲಾಸ್ಟ್ ಮಾತ್ರ ಅಮ್ಮನಿಂದ! ಹಾಗಾಗಿ ಒಂದು ತಳಿಯ ತಂದೆಯ ಕಡೆ ಯಾವುದು, ತಾಯಿಯ ಕಡೆ ಯಾವುದು ಎಂದು ಬೇರೆ ಬೇರೆಯಾಗಿ ಹುಡುಕಬಹುದು. ಸಾವಿರಾರು ವರ್ಷ ಹಿಂದಿನ ಮದುವೆಗಳ ಪತ್ತೆ!

ಹಣ್ಣಿನ ಗುಣಕ್ಕೆ ಬನ್ನಿ. ಹಸಿರು ಕಾಯಿಯ ತಿರುಳಿನಲ್ಲಿ ಐದನೇ ಒಂದು ಪಾಲಿನಷ್ಟು ಪಿಷ್ಟ. ಸಿಹಿ ಇಲ್ಲವೇ ಇಲ್ಲ ಎನ್ನಬೇಕು. ಕೆಲವೇ ದಿನ! ಪಚ್ಚಬಾಳೆಯಲ್ಲಿ ಆ ಪಿಷ್ಟ ಬಹುಪಾಲು ಸಕ್ಕರೆಯಾಗಿರುತ್ತದೆ. ನೇಂದ್ರ ಬಾಳೆಯಲ್ಲಿ ಹಣ್ಣಾದ ಮೇಲೂ ಪಿಷ್ಟ ಉಳಿದಿರುತ್ತದೆ. ಅದಕ್ಕೇ ಅದನ್ನು ಬೇಯಿಸಿ ತಿಂದರೆ ರುಚಿ!

ಆ ಘಮ ಎಲ್ಲಿಂದ? ಐಸೊಅಮೈಲ್ ಅಸಿಟೇಟ್ ಎಂಬ ವಸ್ತುವಿನ ಪಾಲು ಅದರಲ್ಲಿ ದೊಡ್ಡದು. ಅದೇ ವಸ್ತುವನ್ನು ಇನ್ನೊಂದು ಜೀವಿಯೂ ಹೊರಸೂಸುತ್ತದೆ. ಯಾವುದು? ಜೇನುನೊಣ! ಕುಟುಕುವಾಗ ಗೂಡಿನ ಉಳಿದವರನ್ನು ಎಚ್ಚರಿಸಲು! ಜೇನುಪೆಟ್ಟಿಗೆಯ ಹತ್ತಿರ ಬಾಳೆಹಣ್ಣು ತಿನ್ನಬೇಡಿ ಎಂದು ಜೇನು ಸಾಕುವವರು ಹೇಳುವುದು ಇದಕ್ಕೇ!

ಹಣ್ಣಾದ ಬಾಳೆಗೆ ನೇರಳಾತೀತ ಬೆಳಕು ಬಿಟ್ಟರೆ ಏನಾಗುತ್ತದೆ? ನೀಲಿಯಾಗಿ ಹೊಳೆಯುತ್ತದೆ! ಸಿಪ್ಪೆಯ ಪತ್ರಹರಿತ್ತು ಒಡೆದಾಗ ಹುಟ್ಟುವ ವಸ್ತುವಿನ ಹೊಳಪು ಅದು. ಇಷ್ಟು ಕಾಲ ತಿಂದರೂ ಇದು ಕಣ್ಣಿಗೆ ಬಿದ್ದದ್ದು 2008ರಲ್ಲಿ!

ಪೆಸಿಫಿಕ್ ದ್ವೀಪಗಳ ಫೇಯಿ ಬಾಳೆಯಂತೂ ಇನ್ನೊಂದು ಲೋಕ. ಗೊನೆ ಕೆಳಕ್ಕೆ ಜೋಲುವುದಿಲ್ಲ, ಆಕಾಶಕ್ಕೆ ನೆಟ್ಟಗೆ ನಿಲ್ಲುತ್ತದೆ! ತಿರುಳು ಕಿತ್ತಳೆ ಬಣ್ಣ. ಮೈಕ್ರೋನೇಷ್ಯಾದ ಕೆಲವು ಫೇಯಿ ತಳಿಗಳಲ್ಲಿ, ‘ಎ’ ಜೀವಸತ್ವವಾಗಿ ಮಾರ್ಪಡುವ ಬೀಟಾ ಕೆರೋಟಿನ್ ಕ್ಯಾವೆಂಡಿಷ್‌ಗಿಂತ ಎಷ್ಟು ಹೆಚ್ಚು? ಎರಡು ಪಟ್ಟು? ಹತ್ತು ಪಟ್ಟು? ನೂರು ಪಟ್ಟಿಗೂ ಹೆಚ್ಚು!

ತಳಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಯಾಕೆ ಮುಖ್ಯ? ನಮ್ಮ ರಸಬಾಳೆಯನ್ನೇ ನೋಡಿ. ಅದರ ಬಳಗ ಎಷ್ಟು ದೊಡ್ಡದು! ತಮಿಳುನಾಡಿನ ರಸ್ತಾಳಿ, ಆಂಧ್ರದ ಅಮೃತಪಾಣಿ, ಬಿಹಾರದ ಮಾಲ್‌ಭೋಗ್, ದೂರದ ಬ್ರೆಜಿಲ್‌ನ ಮಸಾ ಕೂಡ ಅದರದೇ ಗುಂಪು! ಇಡೀ ಗುಂಪಿಗೆ ಒಂದೇ ಶತ್ರು: ಪನಾಮಾ ಸೊರಗು ರೋಗ. ಮಣ್ಣಿನ ಶಿಲೀಂಧ್ರ ಬೇರಿನಿಂದ ಏರಿ ಗಿಡವನ್ನು ಒಣಗಿಸುತ್ತದೆ. ನಂಜನಗೂಡಿನ ತೋಟಗಳಲ್ಲಿ ರಸಬಾಳೆ ಅಪರೂಪವಾಗಲು ದೊಡ್ಡ ಕಾರಣ ಇದೇ.

ಈಗ ಇನ್ನೊಂದು ಗುಂಪು. ಜಗತ್ತಿನ ಬಾಳೆ ವಿಜ್ಞಾನಿಗಳು ಅದನ್ನು ಕರೆಯುವ ಹೆಸರು ‘ಮೈಸೂರು’! ಹೌದು, ನಮ್ಮ ಮೈಸೂರೇ! ತಮಿಳುನಾಡಿನ ಪೂವನ್, ಕೇರಳದ ಪಾಳಯಂಕೋಡನ್ ಇದಕ್ಕೆ ಸೇರಿದವು. ಸೂತ್ರ ಇದರದ್ದೂ ಎಎಬಿ. ಆದರೆ ರಸಬಾಳೆಯನ್ನು ಉರುಳಿಸುವ ಅದೇ ಸೊರಗಿನೆದುರು ಇದು ಗಟ್ಟಿಯಾಗಿ ನಿಲ್ಲುತ್ತದೆ! ಸೂತ್ರ ಒಂದೇ, ಹಣೆಬರಹ ಬೇರೆ. ಈ ವ್ಯತ್ಯಾಸದಲ್ಲೇ ತಳಿ ವಿಜ್ಞಾನಿಗಳ ಚಿನ್ನ ಅಡಗಿದೆ!

ಲ್ಯಾಟಿನ್ ಅಮೆರಿಕದಲ್ಲಿ ಗ್ರೋ ಮಿಷೆಲ್ ಎಂಬ ಒಂದೇ ತಳಿಯನ್ನು ಬಯಲುಗಟ್ಟಲೆ ಬೆಳೆದರು. ಪನಾಮಾ ರೋಗ ಬಂತು. 1960ರ ದಶಕದ ಹೊತ್ತಿಗೆ ರಫ್ತು ಮಾರುಕಟ್ಟೆಯಿಂದ ಆ ತಳಿಯೇ ಮಾಯ! ಕ್ಯಾವೆಂಡಿಷ್ ಅದರ ಜಾಗಕ್ಕೆ ಬಂತು. ಈಗ ಕ್ಯಾವೆಂಡಿಷ್ ಅನ್ನೂ ಕೊಲ್ಲುವ, ಅದೇ ರೋಗದ ಟಿಆರ್4 ಎಂಬ ಬಗೆ ಹರಡುತ್ತಿದೆ. ಬಿಹಾರ, ಉತ್ತರ ಪ್ರದೇಶಗಳಿಗೂ ಬಂದಾಗಿದೆ.

ಹೊಸ ತಳಿ ಬೇಕೇ ಬೇಕು. ಅದಕ್ಕೇ ಹೊಂಡುರಾಸ್‌ನವರ ಆ ಹಠ!

ನಿಮ್ಮ ಸಂಖ್ಯೆ ನೆನಪಿದೆಯೇ? ಇಗೋ ಉತ್ತರ. 1.3 ಕೋಟಿ ಹಣ್ಣಿಗೆ ಸಿಕ್ಕ ಬೀಜ 200! ನಿಲ್ಲಿ, ಇನ್ನೂ ಇದೆ. ಆ 200ರಲ್ಲಿ ಬದುಕಬಲ್ಲ ಭ್ರೂಣವಿದ್ದದ್ದು 40ರಲ್ಲಿ. ಬರೀ ನಲವತ್ತು!

ಬೀಜ ಸಿಕ್ಕರೆ ಗೆದ್ದಂತೆಯೇ? ಅದೂ ಇಲ್ಲ! ‘ಬಿ’ ಬಾಳೆಯ ವರ್ಣತಂತುವಿನೊಳಗೇ ಒಂದು ವೈರಸ್ ಹುದುಗಿ ಕೂತಿದೆ. ಹೆಸರು ಬನಾನಾ ಸ್ಟ್ರೀಕ್. ತಾಯಿಗಿಡ ಆರೋಗ್ಯವಾಗಿರುತ್ತದೆ, ತಂದೆಗಿಡವೂ ಅಷ್ಟೇ. ಎರಡನ್ನೂ ಕೂಡಿಸಿದರೆ ಮಲಗಿದ್ದ ವೈರಸ್ ಮರಿಗಿಡದಲ್ಲಿ ಎದ್ದುಬಿಡಬಹುದು! ಇದಕ್ಕೂ ದಾರಿ ಹುಡುಕಿದವರಿದ್ದಾರೆ. 2019ರಲ್ಲಿ ಕೀನ್ಯಾದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳು ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರದಿಂದ, ಅಡುಗೆ ಬಾಳೆಯೊಂದರಲ್ಲಿ ಹುದುಗಿದ್ದ ಆ ವೈರಸ್ಸನ್ನು ಅಲ್ಲೇ ಕತ್ತರಿಸಿ ನಿಷ್ಕ್ರಿಯಗೊಳಿಸಿದರು!

ಟಿಆರ್4ಗೆ ಮದ್ದು ಎಲ್ಲಿ ಸಿಕ್ಕಿತು? ಕಾಡಿನಲ್ಲಿ! ಯಾರೂ ತಿನ್ನದ, ಬೀಜವೇ ತುಂಬಿದ ಕಾಡುಬಾಳೆಯಲ್ಲಿ! ಅದರ ಆರ್‌ಜಿಎ2 ಎಂಬ ಒಂದೇ ಒಂದು ಜೀನ್ ಅನ್ನು ಆಸ್ಟ್ರೇಲಿಯಾದ ಜೇಮ್ಸ್ ಡೇಲ್ ಅವರ ತಂಡ ಕ್ಯಾವೆಂಡಿಷ್‌ಗೆ ಸೇರಿಸಿತು. ರೋಗ ಹತ್ತಿರ ಸುಳಿಯುವುದೇ ಕಷ್ಟವಾಯಿತು! 2024ರಲ್ಲಿ ಆ ದೇಶ ಅದನ್ನು ಬೆಳೆಯಲು ಅನುಮತಿ ಕೊಟ್ಟಿತು. ಎಲ್ಲಕ್ಕಿಂತ ದೊಡ್ಡ ಅಚ್ಚರಿ? ಆ ಜೀನ್ ಕ್ಯಾವೆಂಡಿಷ್‌ನಲ್ಲಿ ಮೊದಲಿನಿಂದಲೂ ಇತ್ತು! ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಅಷ್ಟೇ!

ಯಾವ ತಳಿಯಲ್ಲಿ ಯಾವ ಸಂಪತ್ತು ಅಡಗಿದೆಯೋ! ಬೆಲ್ಜಿಯಂನ ಲುವೆನ್ ನಗರದಲ್ಲಿ 1,500ಕ್ಕೂ ಹೆಚ್ಚು ಬಗೆಯ ಬಾಳೆಯನ್ನು ಪ್ರಯೋಗನಾಳಿಕೆಗಳಲ್ಲಿ ಜೋಪಾನ ಮಾಡಿದ್ದಾರೆ. ಬಹುಪಾಲನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲೂ ಇಟ್ಟಿದ್ದಾರೆ. ನಮ್ಮ ಪಕ್ಕದ ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದಲ್ಲೂ ನೂರಾರು ತಳಿಗಳಿವೆ. ಆದರೆ ಉಳಿದದ್ದು? ನಿಮ್ಮ ಕೈಯಲ್ಲಿದೆ!

ಜಗತ್ತಿನಲ್ಲಿ ಅತಿ ಹೆಚ್ಚು ಬಾಳೆ ಬೆಳೆಯುವ ದೇಶ ನಮ್ಮದು. ಆದ್ದರಿಂದ ಅಂಗಡಿಗೆ ಹೋದಾಗ ಬರೀ ‘ಒಂದು ಕೆ.ಜಿ. ಬಾಳೆಹಣ್ಣು’ ಎನ್ನಬೇಡಿ. ಯಾವ ಬಾಳೆ ಎಂದು ಕೇಳಿ! ರಸಬಾಳೆ ಕಂಡರೆ ಕೊಳ್ಳಿ. ಕೆಂಪು ಬಾಳೆ ಕಂಡರೆ ರುಚಿ ನೋಡಿ. ಮನೆಯ ಹಿತ್ತಲಲ್ಲಿ ಹಳೆಯ ತಳಿಯ ಬುಡ ಇದ್ದರೆ ಕಡಿದು ಬಿಸಾಡಬೇಡಿ. ಗಿಡ ಆರೋಗ್ಯವಾಗಿದ್ದರೆ ನೆರೆಯವರಿಗೂ ಒಂದು ಕಂದು ಕೊಡಿ. ಬೀಜವಿಲ್ಲದ ಬಾಳೆಯನ್ನು ಮುಂದಿನ ತಲೆಮಾರಿಗೆ ದಾಟಿಸಬಲ್ಲವರು ಮನುಷ್ಯರು ಮಾತ್ರ!