ಫಿಲ್ಟರ್‌ಗೆ ಒಂದು ಒತ್ತು, ಹಸಿರು ಪರದೆಗೆ ನೂರು ತಾಪತ್ರಯ

ಮದುವೆಯ ವಿಡಿಯೊಗೆ ಫಿಲ್ಟರ್ ಹಾಕಲು ಬೆರಳಿನ ಒಂದು ಒತ್ತು ಸಾಕು. ಮಂಟಪಕ್ಕೆ ಹೊನ್ನಿನ ಹೊಳಪು ಬಂದುಬಿಡುತ್ತದೆ. ವಧು ಯಾರು, ಹೂಮಾಲೆ ಯಾವುದು ಎಂಬುದು ಫೋನ್‌ಗೆ ಬೇಕಿಲ್ಲ. ಪ್ರತಿ ಪಿಕ್ಸೆಲ್‌ಗೂ ಒಂದೇ ಲೆಕ್ಕ.

ಹಿನ್ನೆಲೆಯನ್ನೇ ಬದಲಿಸಹೊರಟರೆ ಕಥೆ ಬೇರೆ. ಕೈನ್‌ಮಾಸ್ಟರ್‌ನಂಥ ಆ್ಯಪ್‌ಗಳಲ್ಲಿರುವ ಕ್ರೋಮಾ ಕೀ ಹಸಿರು ಪರದೆಯನ್ನು ಅಳಿಸಿ ಅಲ್ಲಿ ಬೇರೆ ದೃಶ್ಯ ಕೂರಿಸುತ್ತದೆ. ಹಸಿರೇ ಏಕೆ? ಮನುಷ್ಯರ ಮೈಬಣ್ಣದಿಂದ ಅದು ದೂರ. ಮೇಲಾಗಿ ಸಾಮಾನ್ಯ ಕ್ಯಾಮೆರಾ ಸೆನ್ಸರ್‌ನ ಪ್ರತಿ 4 ಬಿಂದುಗಳಲ್ಲಿ 2 ಹಸಿರನ್ನೇ ಗ್ರಹಿಸುತ್ತವೆ. ಆದರೆ ವಧು ಹಸಿರು ರೇಷ್ಮೆ ಸೀರೆ ಉಟ್ಟಿದ್ದಳೋ, ಮುಖ, ಕೈ ಮಾತ್ರ ಗಾಳಿಯಲ್ಲಿ ತೇಲುತ್ತವೆ! ಪರದೆ ಸುಕ್ಕಾಗಿದ್ದರೆ ನೆರಳು ಬಿದ್ದ ಕಡೆ ಕಲೆ ಉಳಿಯುತ್ತದೆ. ಕೂದಲಿನ ಅಂಚಂತೂ ಪಳಗಿದವರನ್ನೂ ಕಾಡಿಸುತ್ತದೆ.

ಪರದೆಯೇ ಇಲ್ಲದಿದ್ದರೆ ಕೃತಕ ಬುದ್ಧಿಮತ್ತೆ ಫ್ರೇಮ್ ಫ್ರೇಮಿಗೂ ವ್ಯಕ್ತಿಯ ಗಡಿ ಊಹಿಸಬೇಕು. ಸೆಕೆಂಡಿಗೆ 30 ಫ್ರೇಮ್‌ನಂತೆ 10 ಸೆಕೆಂಡಿಗೆ 300 ಚಿತ್ರ. ಫೋನ್ ಬಿಸಿಯಾಗದೆ ಇನ್ನೇನು?

ಒಬ್ಬನೇ ಇಬ್ಬರಾಗಿ ಕಾಣುವ ಚಮತ್ಕಾರಕ್ಕೆ ಮಾತ್ರ ಇಷ್ಟೆಲ್ಲ ಬೇಡ. ಎಕ್ಸ್‌ಪೋಷರ್ ಲಾಕ್ ಮಾಡಿ, ಟ್ರೈಪಾಡ್ ಅಲುಗದಂತೆ ಎರಡು ಸಲ ಚಿತ್ರೀಕರಿಸಿ, ಮಾಸ್ಕ್ ಬಳಸಿ ಅರ್ಧರ್ಧ ಜೋಡಿಸಿದರಾಯಿತು. ನಡುಗೆರೆ ದಾಟಿದ ಕೈ ಮಾತ್ರ ಕತ್ತರಿಸಿದಂತೆ ಕಾಣುತ್ತದೆ.