'ಯಾ, ರೈಟ್' ಅಂದ್ರೆ ಹೌದು ಅಂತಲ್ಲ!

ಇಂಗ್ಲಿಷ್‌ನಲ್ಲಿ 'ಯಾ' ಅಂದ್ರೆ ಹೌದು, 'ರೈಟ್' ಅಂದ್ರೆ ಸರಿ. ಎರಡೂ ಸೇರಿ 'ಯಾ, ರೈಟ್' ಆದಾಗ ಮಾತ್ರ ಅರ್ಥ ಉಲ್ಟಾ: 'ಸಾಕು ಸುಮ್ನಿರಪ್ಪ, ಇದನ್ನ ಯಾರು ನಂಬ್ತಾರೆ?' ವಿದೇಶಿ ಕ್ಲೈಂಟ್‌ಗಳ ಜೊತೆ ಚಾಟ್‌ನಲ್ಲೇ ಅರ್ಧ ದಿನ ಕಳೆಯುವ ನಮ್ಮಂಥವರಿಗೆ ಈ ಲೆಕ್ಕ ಗೊತ್ತಿದ್ದರೆ ಒಳ್ಳೆಯದು.

ಇದರ ಬಗ್ಗೆ ಒಂದು ಪ್ರಸಿದ್ಧ ಕಥೆ ಇದೆ. ಆಕ್ಸ್‌ಫರ್ಡ್‌ನ ತತ್ವಜ್ಞಾನಿ ಜೆ.ಎಲ್. ಆಸ್ಟಿನ್ ಒಂದು ಉಪನ್ಯಾಸದಲ್ಲಿ, 'ಎರಡು ಇಲ್ಲ ಸೇರಿ ಹೌದು ಆಗುವ ಭಾಷೆಗಳಿವೆ, ಎರಡು ಹೌದು ಸೇರಿ ಇಲ್ಲ ಆಗುವ ಭಾಷೆ ಇಲ್ಲ' ಎಂದರಂತೆ. ಸಭೆಯಲ್ಲಿದ್ದ ಕೊಲಂಬಿಯಾ ವಿಶ್ವವಿದ್ಯಾಲಯದ ಸಿಡ್ನಿ ಮಾರ್ಗನ್‌ಬೆಸರ್ ಕೂತಲ್ಲಿಂದಲೇ ರಾಗವಾಗಿ 'ಯಾ, ಯಾ' ಅಂದರಂತೆ! ನಮಗಿದು ಹೊಸತೇನಲ್ಲ. ಅಮ್ಮ 'ಹೌದೌದು, ನೀನು ನಾಳೆ ಐದಕ್ಕೆ ಏಳ್ತೀಯ' ಅಂದಾಗ ಅದು ಹೌದೋ ಇಲ್ಲವೋ ಅಂತ ನಮಗ್ಯಾರೂ ಹೇಳಿಕೊಡಬೇಕಿಲ್ಲ.

ಎಳೆಯೋದು ಏನನ್ನ?

ಕಳೆದ ವರ್ಷ ನಮ್ಮ ಟೀಮ್‌ಗೆ ಹೊಸದಾಗಿ ಸೇರಿದ್ದ ಹುಡುಗ ಬ್ರಿಟನ್ನಿನ ಮ್ಯಾನೇಜರ್‌ಗೆ, 'ಶುಕ್ರವಾರದೊಳಗೆ ಟೆಸ್ಟಿಂಗ್ ಎಲ್ಲಾ ಮುಗಿಯುತ್ತೆ' ಅಂತ ಮೆಸೇಜ್ ಹಾಕಿದ. ಐವತ್ತು ದಾಟಿದ ಆ ಮನುಷ್ಯ ಕೊಟ್ಟ ಉತ್ತರ: 'ಪುಲ್ ದಿ ಅದರ್ ಒನ್'. ನಮ್ಮ ಕೆಲಸದಲ್ಲಿ 'ಪುಲ್' ಅಂದ್ರೆ ಕೋಡ್ ಇಳಿಸಿಕೊಳ್ಳೋದು. ಹುಡುಗ ಪಾಪ, ಇನ್ನೊಂದು ಬ್ರಾಂಚ್‌ನ ಕೋಡ್ ಎಳೆದುಕೊಂಡು ಸಂಜೆಯವರೆಗೆ ಒದ್ದಾಡಿ 'ಡನ್' ಅಂತ ಬರೆದ!

ಅಸಲಿಗೆ ಅಲ್ಲಿ ಎಳೆಯಬೇಕಾಗಿದ್ದು ಕಾಲು. ಕಾಲು ಎಳೆಯೋದು ಅಂದ್ರೆ ಇಂಗ್ಲಿಷ್‌ನಲ್ಲಿ ತಮಾಷೆಗೆ ಮಂಗ ಮಾಡೋದು. 'ಈ ಕಾಲು ಎಳೆದಾಯ್ತು, ಇನ್ನೊಂದನ್ನೂ ಎಳಿ, ಅದಕ್ಕೆ ಗೆಜ್ಜೆನೂ ಇದೆ' ಅನ್ನೋದು ಬ್ರಿಟಿಷರ ಹಳೇ ವ್ಯಂಗ್ಯ. ನಮ್ಮಲ್ಲಾದರೆ 'ಕಿವಿ ಮೇಲೆ ಹೂ ಇಡಬೇಡ' ಅಂತಿದ್ವಿ.

ಮರುದಿನ ಕಾಲ್‌ನಲ್ಲಿ ಆತ ನಕ್ಕರು. ಆಮೇಲೆ ಗಂಭೀರವಾಗಿ, ಹಿಂದಿನ ಎರಡು ಸಲವೂ ನಾವು ಶುಕ್ರವಾರ ಅಂತಲೇ ಹೇಳಿದ್ದನ್ನು ನೆನಪಿಸಿದರು. ಎಲ್ಲರೂ ಸುಮ್ಮನಾದೆವು. ಅರ್ಧ ದಿನ ಹಾಳಾಗಿದ್ದು ದೊಡ್ಡ ವಿಷಯವಲ್ಲ. ನಮ್ಮ ಮಾತಿನ ಮೇಲೆ ಅವರಿಗೆ ನಂಬಿಕೆ ಹೋಗಿದೆ ಅನ್ನೋದು ಅಲ್ಲೇ ಬರೆದಿದ್ದರೂ ನಮಗೆ ಓದೋಕೆ ಬಂದಿರಲಿಲ್ಲ.

ವಯಸ್ಸಾದ ಮಾತುಗಳು

ಆ ಕಾಲ್ ಆದಮೇಲೆ ಇಂಥ ಮಾತುಗಳನ್ನ ಫೋನ್‌ನಲ್ಲಿ ಗುರುತು ಹಾಕಿಕೊಳ್ಳೋದು ನನಗೊಂದು ಅಭ್ಯಾಸ ಆಗಿದೆ. ಕೆಲವು ಇಲ್ಲಿವೆ.

'ಟೆಲ್ ಇಟ್ ಟು ದಿ ಮರೀನ್ಸ್': ಇನ್ನೂರು ವರ್ಷ ಹಳೆಯದು. ಹಡಗಿನಲ್ಲಿರುತ್ತಿದ್ದ ಮರೀನ್ ಸೈನಿಕರು ಏನು ಹೇಳಿದರೂ ನಂಬುವ ಮುಗ್ಧರು ಅನ್ನೋದು ನಾವಿಕರ ಗೇಲಿ. 'ಈ ಕಥೆ ಅವರಿಗೆ ಹೇಳು, ನನಗಲ್ಲ' ಅಂತ ಅರ್ಥ.

'ಮೈ ಫೂಟ್': ನಮ್ಮ ಊರಿನ ಹಳೇ ಇಂಗ್ಲಿಷ್ ಮೇಷ್ಟ್ರುಗಳ ಬಾಯಲ್ಲೂ ಕೇಳಿರ್ತೀರಿ. ಎದುರಿನವರ ಮಾತನ್ನೇ ಎತ್ತಿಕೊಂಡು ಕೊನೆಗೆ ಇದನ್ನ ಅಂಟಿಸೋದು. ಕನ್ನಡದಲ್ಲಿ ಜಾಗವೂ ಅದೇ, ಕೆಲಸವೂ ಅದೇ: 'ಪ್ರಮೋಷನ್ನಂತೆ, ಮಣ್ಣಂಗಟ್ಟಿ!'

'ನಾಟ್!': ವಾಕ್ಯವನ್ನ ಪೂರ್ತಿ ಹೇಳಿ, ಒಂದು ಕ್ಷಣ ಬಿಟ್ಟು 'ನಾಟ್' ಅನ್ನೋದು. 'ವೇಯ್ನ್ಸ್ ವರ್ಲ್ಡ್' ಸಿನಿಮಾ ಬಂದ 1992ರಲ್ಲಿ ಇದು ಎಷ್ಟು ಹಬ್ಬಿತ್ತೆಂದರೆ, ಅಮೆರಿಕನ್ ಡೈಲೆಕ್ಟ್ ಸೊಸೈಟಿ ಇದನ್ನೇ ವರ್ಷದ ಪದವಾಗಿ ಆರಿಸಿತು.

'ಆ್ಯಸ್ ಇಫ್!': 1995ರ 'ಕ್ಲೂಲೆಸ್' ಸಿನಿಮಾದ ನಾಯಕಿ ಷೆರ್ ಇದನ್ನ ಮನೆಮಾತು ಮಾಡಿದಳು. 'ಆಗೋ ಮಾತಾ ಇದು?' ಅನ್ನುವ ಧಾಟಿ.

ಇನ್ನು 'ಯಾ, ರೈಟ್' ನ್ಯೂಜಿಲೆಂಡ್‌ನಲ್ಲಿ ಟುಯಿ ಬಿಯರ್‌ನ ಜಾಹೀರಾತು ಫಲಕಗಳ ಮೇಲೇರಿ ವರ್ಷಗಟ್ಟಲೆ ರಸ್ತೆ ಬದಿ ನಿಂತಿತ್ತು. ಯಾರೂ ನಂಬದ ಒಂದು ವಾಕ್ಯ, ಅದರ ಪಕ್ಕ 'ಯಾ ರೈಟ್'. ಅಷ್ಟೇ!

ಗುರುತಿಸೋದು ಹೇಗೆ?

ಮಾತಿನಲ್ಲಿ ರಾಗ ಇರುತ್ತೆ, ಚಾಟ್‌ನಲ್ಲಿ ಇರಲ್ಲ. ಹಾಗಾಗಿ ಮೂರು ಸುಳಿವು ನೋಡಿ. ಒಂದು, ಪದಶಃ ಅರ್ಥ ಅಲ್ಲಿಗೆ ಹೊಂದುತ್ತಿಲ್ಲವೇ? ಎರಡು, ಒಪ್ಪಿಗೆ ಅಗತ್ಯಕ್ಕಿಂತ ಜಾಸ್ತಿ ಸಿಹಿಯಾಗಿದೆಯೇ? ಮೂರು, ಸ್ವಲ್ಪ ಮುಂಚೆ ನೀವೊಂದು ದೊಡ್ಡ ಭರವಸೆ ಕೊಟ್ಟಿದ್ದಿರಾ? ಮೂರಕ್ಕೂ ಹೌದು ಅಂತಾದರೆ ಅದು ಬಹುತೇಕ ವ್ಯಂಗ್ಯವೇ.

ಆಗ ಮುನಿಸಿಕೊಳ್ಳೋದೂ ಬೇಡ, ಸ್ಮೈಲಿ ಹಾಕಿ ತೇಲಿಸೋದೂ ಬೇಡ. 'ನಿಮ್ಮ ಅನುಮಾನ ಅರ್ಥವಾಯ್ತು, ಇಷ್ಟು ಮುಗಿದಿದೆ, ಇಷ್ಟು ಬಾಕಿ ಇದೆ' ಅಂತ ಲೆಕ್ಕ ಕೊಡಿ. ಅರ್ಥವಾಗದಿದ್ದರೆ ನೇರವಾಗಿ ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಆದರೆ ಈ ಮಾತುಗಳನ್ನ ನೀವೇ ಬಳಸೋಕೆ ಹೋಗಬೇಡಿ. ಇಪ್ಪತ್ತೆರಡರ ಸಹೋದ್ಯೋಗಿಗೆ 'ಆ್ಯಸ್ ಇಫ್' ಅಂದ್ರೆ ನಗ್ತಾರೆ. ಅವರಿಗೆ ಸುಳ್ಳು ಅಂದ್ರೆ ಈಗ 'ಕ್ಯಾಪ್'. ಹಿರಿಯರಿಗೆ 'ಮೈ ಫೂಟ್' ಅಂದ್ರೆ ಒರಟಾಗುತ್ತೆ.

ನಿಮ್ಮ ಮನೆಯಲ್ಲಿ, ಆಫೀಸಿನಲ್ಲಿ ನಂಬದಿದ್ದಾಗ ಏನಂತಾರೆ? ರೈಲು ಬಿಡಬೇಡ, ಕಾಗೆ ಹಾರಿಸಬೇಡ, ಬುರುಡೆ ಬಿಡಬೇಡ... ನಿಮ್ಮೂರಿನ ಮಾತು ಬೇರೆಯಿದ್ದರೆ ಬರೆದು ಕಳಿಸಿ. ಯಾರ ಎದುರು ಹೇಳಬಹುದು, ಯಾರ ಎದುರು ಹೇಳಬಾರದು ಅನ್ನೋದನ್ನೂ ಸೇರಿಸಿ.